'ಫಿಸ್' ಹೇಳಿಕೊಟ್ಟವರಿಗೆ

ನನ್ನ ಪ್ರಶ್ನೆಗೆ ಹೆಸರೂ ಹೇಳದೆ ಉತ್ತರ ಕೊಟ್ಟು ಹೋದಿರಿ. ಅದಕ್ಕೇ ಈ ಧನ್ಯವಾದ ಎಲ್ಲರ ಎದುರಿಗೆ.

ಟೈಪ್ ಮಾಡಿದ್ದನ್ನು ಸ್ವರಲಿಪಿಯ ಹಾಳೆಯಾಗಿಸುವ ತಂತ್ರಾಂಶ ಲಿಲಿಪಾಂಡ್‌ನಲ್ಲಿ ಡಿ ಮೇಜರ್‌ನ (ಎಫ್, ಸಿ ಎರಡೂ ಶಾರ್ಪ್, ಅಂದರೆ ಅರ್ಧ ಸ್ವರ ಮೇಲೆ, ಇರುವ ಕೀ) ಒಂದು ಟ್ಯೂನ್ ಟೈಪ್ ಮಾಡುತ್ತಿದ್ದೆ. ಆ ಕೀ ತೋರಿಸುವ ಗುರುತು, ಕೀ ಸಿಗ್ನೇಚರ್, ಸರಿಯಾಗೇ ಹಾಕಿದ್ದೆ. ಸಾಲಿನ ಶುರುವಿನಲ್ಲಿ ಎರಡು ಶಾರ್ಪ್ ಕಾಣುತ್ತಲೂ ಇದ್ದವು. ಆದರೂ ಎಫ್, ಸಿ ಬಂದಲ್ಲೆಲ್ಲ ಶಾರ್ಪ್ ಬೇಡ ಅನ್ನುವ ನ್ಯಾಚುರಲ್ ಗುರುತು! ಮೂರು ಸಂಜೆ ಸುಮ್ನೆ ತಲೆ ಕೆರೆದುಕೊಂಡೆ.

ನೀವು ಹೇಳಿದ್ದು ಇಷ್ಟೇ: ಇಲ್ಲಿ ಬರೆಯಬೇಕಾದದ್ದು ಕೇಳಿಸುವ ಸ್ವರವನ್ನು, ಹಾಳೆಯಲ್ಲಿ ಕಾಣುವ ಗುರುತನ್ನಲ್ಲ. ಶಾರ್ಪ್ ಬೇಕಾದರೆ ಪ್ರತಿ ಸಲವೂ 'ಫಿಸ್', 'ಸಿಸ್' ಅಂತಲೇ ಟೈಪ್ ಮಾಡಬೇಕು (ಎಫ್ ಶಾರ್ಪ್, ಸಿ ಶಾರ್ಪ್‌ಗೆ ಇವು ಡಚ್ ಹೆಸರುಗಳು, ಈಗ ಬಾಯಿಗೆ ರೂಢಿಯಾಗಿಬಿಟ್ಟಿವೆ). ಗುರುತು ಬೇಕೋ ಬೇಡವೋ ಅನ್ನುವುದನ್ನು ತಂತ್ರಾಂಶವೇ ಕೀ ನೋಡಿ ತೀರ್ಮಾನಿಸುತ್ತದೆ. ಟ್ಯೂನನ್ನು ಅಕ್ಷರಗಳಲ್ಲಿ ಟೈಪ್ ಮಾಡುವ ಇನ್ನೊಂದು ಪದ್ಧತಿ ಎಬಿಸಿ ನೊಟೇಶನ್‌ನಲ್ಲಿ ಹಾಗಲ್ಲ. ಕೀ ಡಿ ಅಂದರೆ ಸಾಕು, ಬರೀ ಎಫ್ ಬರೆದರೂ ಅದು ಶಾರ್ಪ್. ನಾನು ಅಲ್ಲಿಂದ ಬಂದವನು, ಅದೇ ಅಭ್ಯಾಸ ಇಲ್ಲೂ ನಡೆಸಿದ್ದೆ. ತಪ್ಪು ನನ್ನದೇ ಅಲ್ವಾ?

ಕೇಳದೇ ಇನ್ನೊಂದನ್ನೂ ಕೊಟ್ಟಿರಿ. ಸ್ವರದ ಹೆಸರಿನ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಇಟ್ಟರೆ ಗುರುತು ಬಂದೇ ಬರುತ್ತದೆ. ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಕಂಸದೊಳಗೆ ಬರುತ್ತದೆ. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ನಿನ್ನೆ ಪಿಟೀಲು ನುಡಿಸುವ ಗೆಳತಿ ಆ ಹಾಳೆ ನೋಡಿ, ಎಲ್ಲೂ ನಿಲ್ಲದೆ ನುಡಿಸಿದಳು.