ಟೆಲಿಸ್ಕೋಪಿನ ಗುರಿ ಹಿಡಿಯುವ ಹಸಿರು ಲೇಸರ್‌ನ ಲೇಬಲ್ ಸುಳ್ಳು ಹೇಳುತ್ತಿರುವ ಬಗ್ಗೆ ದೂರು

ಗೆ,
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಖಗೋಳ ಉಪಕರಣಗಳ ಆನ್‌ಲೈನ್ ಮಾರಾಟ ವಿಭಾಗ

ಮಾನ್ಯರೇ,

ವಿಷಯ: 5 ಮಿಲಿವ್ಯಾಟ್‌ಗಿಂತ ಕಡಿಮೆ ಎಂದು ನಮೂದಿಸಿ ಮಾರಿದ ಲೇಸರ್ ಫೈಂಡರ್‌ನಿಂದ ಅಪಾಯದ ಮಟ್ಟದ ಕಿರಣ ಹೊರಬೀಳುತ್ತಿರುವುದು.

ನಿಮ್ಮ ಜಾಲತಾಣದಿಂದ ನಾನು ತರಿಸಿಕೊಂಡ ಹಸಿರು ಲೇಸರ್ ಫೈಂಡರ್‌ನ ಮೈಮೇಲೆ ‘532 ನ್ಯಾನೊಮೀಟರ್, 5 ಮಿಲಿವ್ಯಾಟ್‌ಗಿಂತ ಕಡಿಮೆ, ಕ್ಲಾಸ್ 3ಆರ್’ ಎಂಬ ಹಳದಿ ಚೀಟಿ ಅಂಟಿಸಲಾಗಿದೆ. ಕಿರಣದ ಹೊಳಪು ನೋಡಿ ಅನುಮಾನ ಬಂದು, ಪರಿಚಯದ ಭೌತಶಾಸ್ತ್ರ ಉಪನ್ಯಾಸಕರ ಪ್ರಯೋಗಾಲಯದಲ್ಲಿ ಅದನ್ನು ಪವರ್ ಮೀಟರಿನ ಮುಂದೆ ಇಟ್ಟಾಗ ಒಟ್ಟು 38 ಮಿಲಿವ್ಯಾಟ್ ದಾಖಲಾಯಿತು. ಅವಕೆಂಪು (ಇನ್‌ಫ್ರಾರೆಡ್) ಕಿರಣವನ್ನು ತಡೆಯುವ ಸೋಸುಗಾಜನ್ನು ನಡುವೆ ಹಿಡಿದ ಕೂಡಲೇ ಅದು 24ಕ್ಕೆ ಇಳಿಯಿತು. ಅಂದರೆ ಹಸಿರು ಬೆಳಕೇ ನಮೂದಿಸಿದ ಮಿತಿಯ ನಾಲ್ಕು ಪಟ್ಟಿಗಿಂತ ಹೆಚ್ಚಿದೆ; ಅದರ ಜೊತೆಗೆ ಕಣ್ಣಿಗೆ ಕಾಣದ ಸುಮಾರು 14 ಮಿಲಿವ್ಯಾಟ್ ಅವಕೆಂಪು ಕಿರಣವೂ ಹೊರಬರುತ್ತಿದೆ. 5 ಮಿಲಿವ್ಯಾಟ್ ದಾಟಿದ ಇಂತಹ ಲೇಸರ್ ಸೇರುವುದು ಚೀಟಿಯಲ್ಲಿರುವ ಕಡಿಮೆ ಅಪಾಯದ ಕ್ಲಾಸ್ 3ಆರ್‌ಗಲ್ಲ, ನೇರವಾಗಿ ಬಿದ್ದರೆ ಕಣ್ಣಿಗೆ ಹಾನಿ ಮಾಡಬಲ್ಲ ಕ್ಲಾಸ್ 3ಬಿಗೆ.

ಇದರ ಕಾರಣ ನಿಮ್ಮ ತಂತ್ರಜ್ಞರಿಗೆ ಗೊತ್ತಿರಲೇಬೇಕು. ಈ ಬಗೆಯ ಪಾಯಿಂಟರಿನಲ್ಲಿ 808 ನ್ಯಾನೊಮೀಟರಿನ ಡಯೋಡ್ ಒಂದು ಸ್ಫಟಿಕವನ್ನು ಪ್ರಚೋದಿಸುತ್ತದೆ, ಆ ಸ್ಫಟಿಕ 1064 ನ್ಯಾನೊಮೀಟರಿನ ಅವಕೆಂಪು ಬೆಳಕನ್ನು ಹೊಮ್ಮಿಸುತ್ತದೆ, ಎರಡನೆಯ ಸ್ಫಟಿಕ ಅದರ ತರಂಗಾಂತರವನ್ನು ಅರ್ಧಕ್ಕಿಳಿಸಿ 532ರ ಹಸಿರನ್ನಾಗಿ ಮಾಡುತ್ತದೆ. ಹಸಿರಾಗದೆ ಉಳಿದ ಅವಕೆಂಪು ಬೆಳಕನ್ನು ತಡೆಯಲು ತುದಿಯಲ್ಲಿ ಒಂದು ಸಣ್ಣ ಸೋಸುಗಾಜು ಇರಬೇಕು. ನನಗೆ ಬಂದಿರುವ ಉಪಕರಣದಲ್ಲಿ ಅದು ಇಲ್ಲ ಅಥವಾ ಕೆಲಸ ಮಾಡುತ್ತಿಲ್ಲ. ಅಗ್ಗದ ಹಸಿರು ಪಾಯಿಂಟರುಗಳಲ್ಲಿ ಈ ದೋಷವಿರುವುದನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2010ರಲ್ಲೇ ಪ್ರಕಟಿಸಿ ಎಚ್ಚರಿಸಿತ್ತು. ಹಸಿರು ಬೆಳಕು ತಾಗಿದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅವಕೆಂಪು ಬೆಳಕು ಅಕ್ಷಿಪಟಲದ ಮೇಲೆ ಬಿದ್ದರೂ ಕಣ್ಣಿಗೆ ಅದರ ಸುಳಿವೇ ಸಿಗುವುದಿಲ್ಲ.

ನಾನು ಲೇಸರ್ ಫೈಂಡರ್‌ಗಳ ವಿರೋಧಿಯಲ್ಲ. ಎಂಟು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪನ್ನು ಜ್ಯೇಷ್ಠಾ ನಕ್ಷತ್ರದ ಪಕ್ಕದ ಎಂ4 ತಾರಾಗುಚ್ಛದತ್ತ ತಿರುಗಿಸುವಾಗ, ಗುರಿ ಹುಡುಕಲು ಕೊಳವೆಗೆ ಜೋಡಿಸಿದ ಸಣ್ಣ ದೂರದರ್ಶಕದ ಹಿಂದೆ ಕುತ್ತಿಗೆ ಮುರಿದುಕೊಳ್ಳುವ ಬದಲು ಕಿರಣದ ತುದಿ ನೋಡಿಕೊಂಡು ಕೊಳವೆಯನ್ನು ಸರಿಸುವುದು ಎಷ್ಟು ಹಾಯೆನಿಸುತ್ತದೆ ಎಂಬುದು ಬೆನ್ನುನೋವಿರುವ ನಮ್ಮಂಥ ಹವ್ಯಾಸಿಗಳಿಗೆ ಚೆನ್ನಾಗಿ ಗೊತ್ತು. ಕತ್ತಲೆಯ ಬಯಲಿನಲ್ಲಿ 5 ಮಿಲಿವ್ಯಾಟಿನೊಳಗಿನ ಹಸಿರು ಕಿರಣವೇ ಈ ಕೆಲಸಕ್ಕೆ ಧಾರಾಳ ಸಾಕು. ಆದರೆ ಡಾಬ್ಸೋನಿಯನ್‌ನಲ್ಲಿ ನೇತ್ರಮಸೂರವೂ ಫೈಂಡರ್ ಕೂರುವ ಜಾಗವೂ ಕೊಳವೆಯ ಮೇಲ್ತುದಿಯಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ. ನಾವು ಶಾಲಾ ಮಕ್ಕಳಿಗೆ ಆಕಾಶ ತೋರಿಸುತ್ತೇವೆ. ಮೆಟ್ಟಿಲು ಹತ್ತಿ ನೇತ್ರಮಸೂರಕ್ಕೆ ಮುಖವೊಡ್ಡುವ ಮಗುವಿನ ಕಣ್ಣಿಗೂ ಲೇಸರ್‌ನ ಬಾಯಿಗೂ ಗೇಣುದ್ದದ ಅಂತರವಿರುತ್ತದೆ. ಕೊಳವೆಯನ್ನು ದಿಗಂತದತ್ತ ಬಗ್ಗಿಸಿದರೆ ಕಿರಣ ಎದುರು ನಿಂತವರ ತಲೆಯ ಎತ್ತರದಲ್ಲೇ ಹಾಯುತ್ತದೆ. ಯಾರನ್ನು ಎಷ್ಟು ದೂರ ನಿಲ್ಲಿಸಬೇಕು, ಯಾರ ಕೈಗೆ ಗುಂಡಿ ಕೊಡಬಾರದು ಎಂಬುದನ್ನೆಲ್ಲ ನಾವು ಆ ಹಳದಿ ಚೀಟಿಯನ್ನು ನಂಬಿಯೇ ತೀರ್ಮಾನಿಸುವುದು. ವಿಮಾನಗಳ ಹಾದಿಯಲ್ಲಿ ಇಂತಹ ಕಿರಣ ಪೈಲಟ್‌ಗಳ ಕಣ್ಣು ಕೋರೈಸುವ ಅಪಾಯವನ್ನು ನಿಮಗೆ ವಿವರಿಸಬೇಕಾಗಿಲ್ಲ.

ಈ ಮಾಪನವನ್ನು ನಿಮ್ಮ ಗ್ರಾಹಕ ಸೇವಾ ವಿಭಾಗಕ್ಕೆ ಕಳುಹಿಸಿದಾಗ, ಶಕ್ತಿ ಹೆಚ್ಚಿದ್ದರೆ ಕಿರಣ ಇನ್ನೂ ಸ್ಪಷ್ಟವಾಗಿ ಕಾಣುವುದರಿಂದ ಇದನ್ನು ದೋಷವೆಂದು ಪರಿಗಣಿಸಲಾಗದು ಎಂಬ ಉತ್ತರ ಬಂತು. ಈ ಉತ್ತರ ನನಗೆ ನೋವನ್ನೂ ಸಿಟ್ಟನ್ನೂ ತಂದಿದೆ. ಲೇಸರನ್ನು ಹಿಡಿದಿಡುವ ಕಟ್ಟುಪಟ್ಟಿಯ ಪ್ಲಾಸ್ಟಿಕ್ ತಿರುಪುಗಳು ಸಡಿಲಗೊಂಡು ಗುರಿ ತಪ್ಪುತ್ತದೆ ಎಂಬುದೂ ನಿಜ, ಆದರೆ ಅದನ್ನು ನಾನೇ ಸರಿಪಡಿಸಿಕೊಳ್ಳಬಲ್ಲೆ. ಕಾಣದ ಕಿರಣವನ್ನು ಸರಿಪಡಿಸುವುದು ನನ್ನಿಂದಾಗದು, ಅದು ನಿಮ್ಮ ಹೊಣೆ.

ಆದ್ದರಿಂದ ಪೂರ್ಣ ಹಣವನ್ನು ಮರಳಿಸಬೇಕು, ಸ್ವತಂತ್ರ ಪರೀಕ್ಷೆ ಮುಗಿಯುವ ತನಕ ಈ ಮಾದರಿಯ ಮಾರಾಟವನ್ನು ನಿಲ್ಲಿಸಬೇಕು, ಹಾಗೂ ಎಲ್ಲಕ್ಕಿಂತ ಮುಖ್ಯವಾಗಿ, ಈಗಾಗಲೇ ಇದನ್ನು ಕೊಂಡಿರುವ ಪ್ರತಿಯೊಬ್ಬ ಗ್ರಾಹಕರಿಗೂ ಬಳಕೆ ನಿಲ್ಲಿಸುವಂತೆ ನೇರವಾಗಿ ತಿಳಿಸಬೇಕು. ಹಣ ತಡವಾದರೂ ಕಾಯುತ್ತೇನೆ, ಗ್ರಾಹಕರಿಗೆ ಎಚ್ಚರಿಕೆ ತಡವಾಗಕೂಡದು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ನೀವು ಈ ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹಾರ ಒದಗಿಸಬೇಕು. ಹಾಗಾಗದಿದ್ದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಬಿಲ್ಲಿನ ಪ್ರತಿ, ಚೀಟಿಯ ಛಾಯಾಚಿತ್ರ ಮತ್ತು ಮಾಪನದ ವಿವರಗಳನ್ನು ಲಗತ್ತಿಸಿದ್ದೇನೆ. ಉಪಕರಣವನ್ನು ಬ್ಯಾಟರಿ ತೆಗೆದು ಇಟ್ಟಿದ್ದೇನೆ. ಪರೀಕ್ಷೆಗೆ ನೀವು ಯಾವಾಗ ಕೇಳಿದರೂ ಕಳುಹಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಆಕಾಶ ವೀಕ್ಷಕ, ಮೈಸೂರು