ಗ್ಲಾಡಿಯೇಟರ್: ಬಾಡಿಗೆಗೋ, ಕ್ರಯಕ್ಕೋ?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಹಿಂದೆ ರೋಮಿನಲ್ಲಿ ಜನರ ಮುಂದೆ ಆಯುಧ ಹಿಡಿದು ಕಾದಾಡುತ್ತಿದ್ದ ಗ್ಲಾಡಿಯೇಟರ್‌ಗಳ ಲೇಖನ ಓದಿದೆ. ಪ್ರತಿ ಕಾಳಗದಲ್ಲೂ ಒಬ್ಬ ಸಾಯಲೇಬೇಕಿತ್ತು ಎಂದು ಬರೆದಿದ್ದೀರಿ. ಹಾಗೇನಿಲ್ಲ. ಇಟಲಿಯ ಸಿಸಿಲಿ ದ್ವೀಪದಲ್ಲಿ ಸಿಕ್ಕ, ಫ್ಲಾಮಾ ಎಂಬ ಗ್ಲಾಡಿಯೇಟರ್‌ನ ಸಮಾಧಿ ಕಲ್ಲನ್ನೇ ನೋಡಿ. ಸಿರಿಯಾದವನು, ಬದುಕಿದ್ದು 30 ವರ್ಷ. 34 ಸಲ ಕಣಕ್ಕಿಳಿದ. 21 ಗೆಲುವು, 9 ಸಮಬಲ, 4 ಸಲ ಸೋತರೂ ಜೀವ ಉಳಿಯಿತು. ಕಲ್ಲು ನಿಲ್ಲಿಸಿದವನು ಅವನ ಜೊತೆಗಾರ ಡೆಲಿಕಾಟಸ್.

ಸುಮ್ನೆ ಕೊಂದು ಹಾಕಲು ಇವರೇನು ಅಗ್ಗದ ಸರಕಲ್ಲ. ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದವನು, ಕರಾರು ಪತ್ರ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ. 2ನೇ ಶತಮಾನದ ರೋಮನ್ ಕಾನೂನು ಪಂಡಿತ ಗಾಯಸ್ ಒಂದು ಉದಾಹರಣೆ ಕೊಡುತ್ತಾನೆ. ಕಾಳಗ ಏರ್ಪಡಿಸಿದವನಿಗೆ ಮಾಲೀಕ ತನ್ನ ಗ್ಲಾಡಿಯೇಟರ್‌ಗಳನ್ನು ಒಪ್ಪಿಸುತ್ತಾನೆ. ಮೈ ನೆಟ್ಟಗೆ ವಾಪಸ್ ಬಂದವನ ಬೆವರಿಗೆ 20 ಡಿನಾರಿಯಸ್ (ರೋಮನ್ ಬೆಳ್ಳಿ ನಾಣ್ಯ). ಸತ್ತವನಿಗೆ, ಕೈಕಾಲು ಊನವಾದವನಿಗೆ ತಲಾ 1000. ಇದು ಬಾಡಿಗೆಯೋ, ಮಾರಾಟವೋ? ನೆಟ್ಟಗೆ ಬಂದರೆ ಬಾಡಿಗೆ, ಸತ್ತರೆ ಇಲ್ಲವೇ ಊನವಾದರೆ ಕ್ರಯ ಎನ್ನುತ್ತಾನೆ ಗಾಯಸ್. ಅಂದರೆ 50 ಪಟ್ಟು ಜಾಸ್ತಿ! ಹೆಣ ಬಿದ್ದಷ್ಟೂ ಏರ್ಪಡಿಸಿದವನ ಜೇಬಿಗೇ ಕತ್ತರಿ. ಆದರೆ ಆ ದುಡ್ಡು ಸೇರುತ್ತಿದ್ದುದು ಮಾಲೀಕನಿಗೆ.

ಎಲ್ಲರೂ ಗುಲಾಮರೂ ಅಲ್ಲ. ಸ್ವತಂತ್ರರಾಗಿದ್ದವರೂ ದುಡ್ಡಿಗಾಗಿ ಸೇರುತ್ತಿದ್ದರು. ಸುಟ್ಟರೂ ಸರಿ, ಕಟ್ಟಿಹಾಕಿದರೂ ಸರಿ, ಹೊಡೆದರೂ ಸರಿ, ಕತ್ತಿಯಿಂದ ಕೊಂದರೂ ಸರಿ ಎಂದು ಪ್ರಮಾಣ ಮಾಡಬೇಕಿತ್ತು. ಅಲ್ಲಿಗೆ ಮಾನ ಹೋಯಿತು. ಕಾನೂನು ಅವರನ್ನು ನಟರು, ವೇಶ್ಯೆಯರ ಸಾಲಿಗೆ ತಳ್ಳುತ್ತಿತ್ತು. ಜನ ಮಾತ್ರ ಮುಗಿಬಿದ್ದು ನೋಡುತ್ತಿದ್ದರು. ಇಟಲಿಯ ಹಳೇ ಊರು ಪಾಂಪೆಯ ಒಂದು ಗೋಡೆಯಲ್ಲಿ ಸೆಲಾಡಸ್ ಎಂಬವನನ್ನು 'ಹುಡುಗಿಯರ ನಿಟ್ಟುಸಿರು' ಎಂದು ಹೊಗಳಿದ ಬರಹವಿದೆ. ಗೋಡೆ ಗ್ಲಾಡಿಯೇಟರ್‌ಗಳೇ ಇದ್ದ ಮನೆಯದು. ಅವನೇ ಗೀಚಿಕೊಂಡನೋ ಏನೋ!

ಲೇಖನದಲ್ಲಿ ಬರಲೇಬೇಕಾಗಿದ್ದ ಒಂದು ಶಾಸನ ಬಿಟ್ಟುಹೋಗಿದೆ. ಇಟಲಿಯ ಸಾರ್ಸಿನಾದಲ್ಲಿ ಹೊರೇಷಿಯಸ್ ಬಾಲ್ಬಸ್ ಎಂಬವನು ಊರಿನವರಿಗೆ ಹೂಳುವ ಜಾಗ ದಾನ ಕೊಟ್ಟ. ತಲಾ ಹತ್ತು ಅಡಿ ಅಗಲ, ಹತ್ತು ಅಡಿ ಉದ್ದ. ಷರತ್ತು ಏನು ಗೊತ್ತೇ? ಗ್ಲಾಡಿಯೇಟರ್ ಆಗಲು ತನ್ನನ್ನು ತಾನೇ ಒತ್ತೆ ಇಟ್ಟುಕೊಂಡವನಿಗೂ, ನೇಣು ಹಾಕಿಕೊಂಡವನಿಗೂ ಅಲ್ಲಿ ಜಾಗವಿಲ್ಲ. ಅದೇ ಊರಿನವನಾದರೂ ಅಷ್ಟೇ. ಮುಂದಿನ ಸಲ ಕೊಲೋಸಿಯಂನ ಚಿತ್ರ ಸ್ವಲ್ಪ ಚಿಕ್ಕದು ಮಾಡಿ ಈ ಶಾಸನವನ್ನೂ ಹಾಕಿ.

ಇಂತಿ,
ನಿವೃತ್ತ ಶಿರಸ್ತೇದಾರ