ಬಾದೊಂಗ್‌ಗೆ ಹೊರಟಿರುವ ಸೀನನಿಗೆ

ಪ್ರೀತಿಯ ಸೀನ,

ಬಾದೊಂಗ್‌ಗೆ ಒಂದು ದಿನ ಸಾಕಾ ಅಂತ ಕೇಳಿದ್ದೀಯ. ಸಾಲದು ಮಾರಾಯಾ. ಅಲ್ಲಿ ಮ್ಯಾಪಿನಲ್ಲಿ ಎರಡು ಊರಿನ ನಡುವೆ ಬೆರಳಗಲ ಜಾಗ ಕಂಡರೆ, ನೆಲದ ಮೇಲೆ ಅದೊಂದು ಕಣಿವೆ ಅಂತಲೇ ತಿಳಿ. ಹೋಗುವ ಬೇರೆಯವರಿಗೂ ಉಪಯೋಗವಾಗಲಿ ಅಂತ ಎಲ್ಲರೆದುರೇ ಬರೀತಿದ್ದೀನಿ. ಛತ್ರಿ ಪ್ರಕರಣ ಎತ್ತಲ್ಲ, ನಿಶ್ಚಿಂತೆಯಿಂದ ಓದು.

ಬಾದೊಂಗ್ ಅನ್ನೋದು ಚೀನಾದ ಹುಬೈ ಪ್ರಾಂತ್ಯದ ಪಶ್ಚಿಮ ಅಂಚಿನ ಒಂದು ಕೌಂಟಿ, ನಮ್ಮ ತಾಲ್ಲೂಕಿನ ಹಾಗೆ. ಅದು ಉತ್ತರದಿಂದ ದಕ್ಷಿಣಕ್ಕೆ ಚಾಚಿಕೊಂಡಿದೆ. ನದಿಗಳೋ ಅದನ್ನು ಪಶ್ಚಿಮದಿಂದ ಪೂರ್ವಕ್ಕೆ ಅಡ್ಡ ಕೊಯ್ಯುತ್ತವೆ: ಉತ್ತರ ಭಾಗದಲ್ಲಿ ಯಾಂಗ್ಟ್ಸೆ, ದಕ್ಷಿಣದಲ್ಲಿ ಛಿಂಗ್‌ಜಿಯಾಂಗ್. ಹಾಗಾಗಿ ಕೌಂಟಿಯೊಳಗೇ ಓಡಾಡುವವನು ಘಾಟಿ ಏರಬೇಕು, ಇಳಿಯಬೇಕು, ಹೊಳೆ ದಾಟಬೇಕು, ಮತ್ತೆ ಏರಬೇಕು. ದೂರದೂರಿಗೆ ಹೋಗುವವನಿಗೆ ಈ ಕಷ್ಟವಿಲ್ಲ. ಅವನ ರೈಲು, ಎಕ್ಸ್‌ಪ್ರೆಸ್‌ವೇ ಎರಡೂ ಬೆಟ್ಟದೊಳಗೆ ತೂರಿಕೊಂಡು ಆಚೆ ಬರುತ್ತವೆ.

ಎಡವೋದು ಸ್ಟೇಷನ್ ಹೆಸರಿನಲ್ಲಿ. ಬರೀ 'ಬಾದೊಂಗ್' ಅನ್ನುವ ಸ್ಟೇಷನ್ ಇರೋದು ಯೀಚಾಂಗ್–ವಾನ್‌ಜೌ ಮಾರ್ಗದಲ್ಲಿ, ದಕ್ಷಿಣದ ಬೆಟ್ಟಗಳ ನಡುವೆ. ಕೌಂಟಿಯ ಮುಖ್ಯ ಪಟ್ಟಣ ಇರೋದು ಯಾಂಗ್ಟ್ಸೆಯ ದಕ್ಷಿಣ ದಡದಲ್ಲಿ. ಹೆಸರು ನಂಬಿ ಇಳಿದರೆ ಅಲ್ಲಿಂದ ಮುಂದೆ ತಿರುವುಗಳ ರಸ್ತೆಯೇ ಗತಿ. 2022ರ ಜೂನಿನಲ್ಲಿ ತೆರೆದ ಹೈಸ್ಪೀಡ್ ಮಾರ್ಗದ 'ಬಾದೊಂಗ್ ಬೇ', ಅಂದರೆ ಉತ್ತರ ಬಾದೊಂಗ್, ನದಿಯ ಆಚೆ ಬದಿಗಿದೆ. ಅಲ್ಲಿಂದ ಬಂದು, 2004ರಲ್ಲಿ ಸಂಚಾರಕ್ಕೆ ತೆರೆದ ಸೇತುವೆ ದಾಟಿದರೆ ಪಟ್ಟಣ.

ಯೀಚಾಂಗ್–ವಾನ್‌ಜೌ ಮಾರ್ಗ 377 ಕಿ.ಮೀ., ಅದರಲ್ಲಿ ಮುಕ್ಕಾಲು ಪಾಲು ಸೇತುವೆ, ಸುರಂಗ. ಬೆಟ್ಟ ಸುಣ್ಣದ ಕಲ್ಲಿನದು, ಒಳಗೆಲ್ಲ ಗುಹೆ, ಗುಹೆ ತುಂಬ ನೀರು. ಮುಂದೆ ಏನಿದೆ ಅಂತ ಮೊದಲು ತೆಳು ರಂಧ್ರ ಕೊರೆದು ನೋಡಬೇಕು. ನೀರು ಸಿಕ್ಕರೆ ಅದರ ಒತ್ತಡ ಇಳಿಸಿ ಬಸಿದು ಹಾಕಿ, ಆಮೇಲೆ ಸುರಂಗ ಮುಂದಕ್ಕೆ. ಇಷ್ಟಾದರೂ 2007ರ ಆಗಸ್ಟಿನಲ್ಲಿ ಯೆಸಾನ್‌ಗ್ವಾನ್ ಸುರಂಗಕ್ಕೆ ನೀರು, ಕೆಸರು ನುಗ್ಗಿತು. ಅದೇ ನವೆಂಬರಿನಲ್ಲಿ ಇನ್ನೊಂದು ಸುರಂಗದ ಬಾಯಲ್ಲಿ ಬಂಡೆ ಕುಸಿದು, ಕೆಳಗಿನ ಹೆದ್ದಾರಿಯಲ್ಲಿ ಹೋಗುತ್ತಿದ್ದ ಬಸ್ಸನ್ನೇ ಹೂತುಹಾಕಿತು. 30ಕ್ಕೂ ಹೆಚ್ಚು ಜನ ಹೋದರು. ಮಾರ್ಗದಲ್ಲಿ ರೈಲು ಓಡಿದ್ದು 2010ರ ಡಿಸೆಂಬರಿನಲ್ಲಿ.

ಇನ್ನು ನಾವಿಬ್ಬರೂ ಮಾತಾಡಿ ಮಾತಾಡಿ ಸವೆಸಿರುವ ಸಿದು ಸೇತುವೆ, ಎಕ್ಸ್‌ಪ್ರೆಸ್‌ವೇಯನ್ನು ಕಣಿವೆ ದಾಟಿಸುವ ತೂಗುಸೇತುವೆ. ಗೋಪುರದಿಂದ ಗೋಪುರಕ್ಕೆ 900 ಮೀಟರ್, ಕಣಿವೆಯ ತಳ ಸುಮಾರು 500 ಮೀಟರ್ ಕೆಳಗೆ. ತೂಗುಸೇತುವೆ ಕಟ್ಟುವಾಗ ಮೊದಲ ಹಗ್ಗವನ್ನು ಸಾಮಾನ್ಯವಾಗಿ ದೋಣಿಯಲ್ಲೋ ಹೆಲಿಕಾಪ್ಟರಿನಲ್ಲೋ ಆಚೆ ದಾಟಿಸುತ್ತಾರೆ. ಇಲ್ಲಿ ರಾಕೆಟ್ಟಿಗೆ ಕಟ್ಟಿ ಹಾರಿಸಿದರು. ಸಣ್ಣ ಹಗ್ಗ ಹಿಡಿದು ದಪ್ಪ ಹಗ್ಗ ಎಳೆದು, ಅದರ ಬೆನ್ನಿಗೆ ಉಕ್ಕಿನ ಕೇಬಲ್. 2009ರಲ್ಲಿ ವಾಹನ ಓಡಿದವು.

ಆದರೆ ಸೀನ, ಈಚೆಗೆ ನನ್ನ ಕಣ್ಣು ಸೇತುವೆಗಿಂತ ಯಾಂಗ್ಟ್ಸೆ ದಡದ ಇಳಿಜಾರುಗಳ ಮೇಲೇ ನಿಲ್ಲುತ್ತೆ. ಆ ನದಿ ಹರಿದು ಹೋಗುವ ಕಡೆ, ಮುಂದೆ ತ್ರೀ ಗೋರ್ಜಸ್ ಅಣೆಕಟ್ಟಿದೆಯಲ್ಲ, ಅದರ ಹಿನ್ನೀರು ಚಳಿಗಾಲದಲ್ಲಿ ಸಮುದ್ರಮಟ್ಟದಿಂದ 175 ಮೀಟರ್ ಎತ್ತರದಲ್ಲಿರುತ್ತೆ. ಪ್ರವಾಹಕ್ಕೆ ಜಾಗ ಮಾಡಲು ಜೂನಿನ ಹೊತ್ತಿಗೆ 145ಕ್ಕೆ ಇಳಿಸುತ್ತಾರೆ. ನದಿಯ ನೀರು ಇಳಿದಷ್ಟು ಬೇಗ ಧರೆಯೊಳಗಿನ ನೀರು ಬಸಿಯಲ್ಲ. ಒಳಗೆ ಉಳಿದದ್ದು ಮಣ್ಣನ್ನು ಹೊರಕ್ಕೆ ದೂಡುತ್ತೆ, ಆಚೆಯಿಂದ ಒತ್ತಿ ಹಿಡಿಯುತ್ತಿದ್ದ ನದಿ ಆಗ ಇರಲ್ಲ. ಅದೇ ಸಮಯಕ್ಕೆ ಮಳೆ ಬೇರೆ ಹಿಡಿಯುತ್ತೆ. ನೀರು ಏರುವಾಗಲೂ ನೆಮ್ಮದಿಯಿಲ್ಲ: ಬುಡ ನೆನೆದು ಹಗುರಾಗಿ ಹಿಡಿತ ಬಿಡುತ್ತೆ. 2003ರಲ್ಲಿ ಮೊದಲ ಸಲ ನೀರು ತುಂಬಿಸಿದ ಮರುತಿಂಗಳೇ ಪಕ್ಕದ ಜಿಗುಯ್ ಕೌಂಟಿಯಲ್ಲಿ ಛಿಯಾನ್‌ಜಿಯಾಂಗ್‌ಪಿಂಗ್ ಗುಡ್ಡ ಕುಸಿಯಿತು.

ಬಾದೊಂಗ್ ಪಟ್ಟಣದ್ದು ಇನ್ನೂ ಸಂಕಟದ ಕತೆ. ಹಳೇ ಪೇಟೆ ಮುಳುಗುತ್ತೆ ಅಂತ 1980ರ ದಶಕದಲ್ಲೇ ಹ್ವಾಂಗ್‌ತುಪೋ ಇಳಿಜಾರಿನಲ್ಲಿ ಹೊಸ ಊರು ಕಟ್ಟತೊಡಗಿದರು. ಆ ಇಳಿಜಾರೇ ಹಳೆಯ, ದೊಡ್ಡ ಕುಸಿತದ ರಾಶಿ ಅಂತ ಆಮೇಲೆ ಗೊತ್ತಾಯಿತು. ಪಟ್ಟಣದ ಕೇಂದ್ರ ಪಶ್ಚಿಮಕ್ಕೆ ಸರಿಯಿತು, ಜನ ಮತ್ತೆ ಗಂಟುಮೂಟೆ ಕಟ್ಟಿದರು. ಈಗ ಆ ಗುಡ್ಡದೊಳಗೆ ಸುರಂಗ ತೋಡಿ, ಅದು ಎಷ್ಟು ಸರಿಯುತ್ತಿದೆ ಅಂತ ವಿಜ್ಞಾನಿಗಳು ಅಳೆಯುತ್ತಾರೆ. ಗೋಡೆಯ ಸುಣ್ಣ ಒಣಗುವ ಮೊದಲೇ ಮನೆ ಬಿಡು ಅಂದರೆ ಹೇಗಿರುತ್ತೆ ಅನ್ನೋದು ತಲೆಯಿಂದ ಹೋಗುತ್ತಿಲ್ಲ ಕಣೋ. ಸೇತುವೆಯ ಫೋಟೊ ನೋಡಿದಾಗಲೂ ಮೊದಲಿನ ಖುಷಿ ಬರುತ್ತಿಲ್ಲ. ಅಲ್ಲಿಯ ಜನಕ್ಕೆ ದಾರಿ ಬೇಕಿತ್ತು, ಅದು ಸಿಕ್ಕಿದ್ದು ಒಳ್ಳೆಯದೇ. ಆದರೂ ಒಳಗೊಳಗೇ ಹೆದರಿಕೆ ಆಗುತ್ತೆ.

ಇಷ್ಟೆಲ್ಲ ಹೇಳಬೇಕು ಅಂತಿರಲಿಲ್ಲ, ಬಿಡು. ನೀನು ನವೆಂಬರಿನಲ್ಲಿ ಹೋಗು. ಹಿನ್ನೀರು ತುಂಬಿರುತ್ತೆ, ಮಳೆ ಕಡಿಮೆ, ವೂ ಗೋರ್ಜಿನಲ್ಲಿ ಎಲೆ ಕೆಂಪಾಗುವ ಕಾಲ. ಪಟ್ಟಣದಲ್ಲಿ ಎಲ್ಲಿ ಹೋದರೂ ಮೆಟ್ಟಿಲು, ಹಾಗಾಗಿ ಸೂಟ್‌ಕೇಸ್ ಬೇಡ, ಬೆನ್ನಿಗೆ ಹಾಕುವ ಬ್ಯಾಗ್ ತಗೊಂಡು ಹೋಗು. ನೂಡಲ್ಸ್ ಅಂಗಡಿಯಲ್ಲಿ ಮಾತ್ರ ದಯವಿಟ್ಟು ನಿನ್ನ ಚೈನೀಸ್ ತೆಗೀಬೇಡ, ಬೆರಳು ತೋರಿಸಿದರೆ ಸಾಕು.

ನಿನ್ನ,
ಮಂಜ